ಗುರುಬಸವ್ವ ಮತ್ತು ಮೂವತ್ತು ದಿನದ ಕಲಮು

ಸಾನ್ ಹೋಸೆಯ ಆ ಹಣ್ಣಿನ ಡಬ್ಬಿ ಫ್ಯಾಕ್ಟರಿಯಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಬೆಲ್ಟಿನ ಮುಂದೆ ನಿಲ್ಲುತ್ತಿದ್ದವಳು ಒಬ್ಬಳೇ, ಗುರುಬಸವ್ವ. ತಲೆಗೆ ಬಲೆಯ ಟೋಪಿ, ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಡಸರ ಬೂಟು. ಬೆಲ್ಟಿನ ಮೇಲೆ ಪೀಚ್ ಹಣ್ಣು ಎರಡು ಹೋಳಾಗಿ, ಸಿಪ್ಪೆ ಕಳಚಿಕೊಂಡು, ಹಳದಿ ಕಪ್ಪೆಗಳ ಹಾಗೆ ಜಾರುತ್ತ ಬರುತ್ತಿತ್ತು. ಮಿಷನ್ನು ಬೀಜ ತೆಗೆಯುತ್ತದೆ ಎಂದು ಹೇಳುವವರು ಹೇಳಲಿ. ಅದು ತೆಗೆಯುವುದು ನೂರಕ್ಕೆ ತೊಂಬತ್ತು. ಉಳಿದ ಹತ್ತರಲ್ಲಿ ಬೀಜದ ಚೂರು ಒಳಗೇ ಉಳಿದಿರುತ್ತದೆ. ಅದು ಯಾರದೋ ಮಗುವಿನ ಹಲ್ಲಿಗೆ ಸಿಕ್ಕರೆ ಫ್ಯಾಕ್ಟರಿಯ ಮಾನ ಹೋಯಿತು. ಆ ಚೂರನ್ನು ಹೆಕ್ಕುವುದೇ ಅವಳ ಕೆಲಸ.

ಬೆಟಗೇರಿಯ ನೇಕಾರರ ಮಗಳು ಅವಳು. ಮಗ್ಗದ ಮೇಲೆ ಎಳೆ ಕಡಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ಅಪ್ಪನ ಬೈಗುಳ. ಆ ಬೆರಳು ಇಲ್ಲಿ ಕೆಲಸಕ್ಕೆ ಬಂತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಎಪ್ಪತ್ತನಾಲ್ಕರಲ್ಲಿ ಗಂಡ ಕುಬೇರಪ್ಪನ ಬೆನ್ನಿಗೆ ಅಮೆರಿಕಕ್ಕೆ ಬಂದಳು. ಕುಬೇರಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಲೇಥ್ ಓಡಿಸುತ್ತಿದ್ದವನು. ಲಿವರ್‌ಮೋರಿನಲ್ಲಿ ಎಂಜಿನಿಯರ್ ಆಗಿದ್ದ ಅವನ ತಮ್ಮ ಕಾಗದಪತ್ರ ಮಾಡಿಸಿ ಕರೆಸಿಕೊಂಡ. ಬಂದವರು ಕ್ಯಾಂಪ್‌ಬೆಲ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು ಹಿಡಿದರು. ಕುಬೇರಪ್ಪನಿಗೆ ಲೇಥ್ ಕೆಲಸವೇ ಸಿಕ್ಕಿತು. ಗುರುಬಸವ್ವ ಒಂದು ಚಳಿಗಾಲ ಗೋಡೆ ನೋಡಿಕೊಂಡು ಕೂತಳು. ಎರಡನೆಯ ಚಳಿಗಾಲಕ್ಕೆ ಅವಳಿಗೆ ತಡೆಯಲಿಲ್ಲ. ಕೆಳಗಿನ ಮನೆಯ ಮೆಕ್ಸಿಕನ್ ಹೆಂಗಸು ಕೊನ್ಸುವೆಲೊ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ ಕೈಸನ್ನೆಯಲ್ಲೇ ಕೇಳಿದಳು: ನೀನು ದಿನಾ ಎಲ್ಲಿಗೆ ಹೋಗುತ್ತೀ? ನಾನೂ ಬರುತ್ತೇನೆ. ಹಾಗೆ ಹೋದವಳು ಪ್ರತಿ ಬೇಸಿಗೆಯೂ ಹೋದಳು. ಇಂಗ್ಲಿಷು ಕಲಿತದ್ದು, ಸ್ಪ್ಯಾನಿಶ್ ಕಲಿತದ್ದು, ಬೈಗುಳ ಕಲಿತದ್ದು, ಎಲ್ಲ ಆ ಬೆಲ್ಟಿನ ಮುಂದೆಯೇ.

ಎಂಬತ್ತನಾಲ್ಕರಲ್ಲಿ ಫ್ಯಾಕ್ಟರಿಯವರು ಎರಡನೆಯ ಪಾಳಿ ಮುಚ್ಚಿದರು. ಊಟದ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ದಕ್ಷಿಣ ಆಫ್ರಿಕಾದಿಂದ ಡಬ್ಬಿ ಪೀಚು ಅಗ್ಗದಲ್ಲಿ ಬರುತ್ತಿದೆ, ಅಲ್ಲಿ ಕಪ್ಪು ಜನರಿಗೆ ಕೂಲಿ ಎನ್ನುವುದೇ ಇಲ್ಲ, ಅದರ ಮುಂದೆ ನಾವೆಲ್ಲಿ ನಿಲ್ಲುವುದು? ಗುರುಬಸವ್ವ ಎರಡನೆಯ ಪಾಳಿಯವಳು. ಎರಡು ಬೇಸಿಗೆ ಮನೆಯಲ್ಲಿ ಕೂತಳು.

ಎಂಬತ್ತಾರರ ಅಕ್ಟೋಬರದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಕಾನೂನು ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ಬಣ್ಣ ನೋಡಿ ಮನುಷ್ಯರನ್ನು ತುಳಿಯುವುದು ನಿಲ್ಲುವ ತನಕ ಅಲ್ಲಿಯ ಕಬ್ಬಿಣ, ಕಲ್ಲಿದ್ದಲು, ಬಟ್ಟೆ, ಹಣ್ಣು ಯಾವುದೂ ಇಲ್ಲಿಗೆ ಬರಕೂಡದು. ಅಧ್ಯಕ್ಷರು ಒಲ್ಲೆ ಎಂದು ಕಾನೂನನ್ನು ವಾಪಸ್ಸು ಕಳಿಸಿದರು. ಕಾಂಗ್ರೆಸ್ಸು ಮೂರರಲ್ಲಿ ಎರಡು ಪಾಲಿಗೂ ಮೀರಿ ಕೈ ಎತ್ತಿ, ನಿಮ್ಮ ಒಲ್ಲೆ ನಮಗೂ ಒಲ್ಲೆ ಎಂದಿತು. ಮರುವರ್ಷ ಫ್ಯಾಕ್ಟರಿಯ ಎರಡನೆಯ ಪಾಳಿ ತೆರೆಯಿತು, ಗುರುಬಸವ್ವನಿಗೆ ಕರೆ ಬಂತು. ಹೀಗೆಂದರೆ ಕೆಲವರು ಮೂಗು ಮುರಿಯುತ್ತಾರೆ, ಇನ್ನೊಬ್ಬರ ಕಷ್ಟಕ್ಕೆ ಮಾಡಿದ ಕಾನೂನಿನಿಂದ ಇವಳು ಕೆಲಸ ಹಿಡಿದಳೇ ಎಂದು. ಹಿಡಿದಳು. ಅದರಲ್ಲಿ ಮುಚ್ಚಿಡುವುದೇನಿದೆ? ಮೂಗು ಮುರಿಯುವವರು ಒಂದು ದಿನ ಬಂದು ಆ ಬೆಲ್ಟಿನ ಮುಂದೆ ಹತ್ತು ತಾಸು ನಿಲ್ಲಲಿ, ಆಮೇಲೆ ಮಾತಾಡಲಿ.

ಎಂಬತ್ತೆಂಟರ ವಸಂತದಲ್ಲಿ ಹೊಸ ಸುದ್ದಿ ಹುಟ್ಟಿತು. ಅಧ್ಯಕ್ಷರು ಆ ನಿರ್ಬಂಧಗಳನ್ನು ಸಡಿಲಿಸುತ್ತಾರಂತೆ. ನಿಜವೋ ಸುಳ್ಳೋ, ಸುದ್ದಿಗೆ ಕಾಲು ಬಂದಿತ್ತು. ಅದೇ ಹೊತ್ತಿಗೆ ಕಾಂಗ್ರೆಸ್ಸಿನ ಸದಸ್ಯರೊಬ್ಬರು ಸಾನ್ ಹೋಸೆಯಲ್ಲಿ ಒಂದು ಶನಿವಾರ ಜನರ ಮಾತು ಕೇಳಲು ಕೂರುತ್ತೇನೆ ಎಂದು ಸಾರಿದರು. ವಿಷಯ: ನಿರ್ಬಂಧ ಸಡಿಲಿಸುವ ಅಧ್ಯಕ್ಷರ ಅಧಿಕಾರದ ಮೇಲೆ ಕಾಂಗ್ರೆಸ್ಸಿನ ಕಣ್ಣು ಎಷ್ಟು ಬಿಗಿಯಾಗಿರಬೇಕು?

ಯೂನಿಯನ್ನಿನ ಡ್ವೇನ್ ಎಂಬಾತ ಒಂದು ಸಂಜೆ ಕ್ಯಾಂಪ್‌ಬೆಲ್ಲಿನ ಮನೆಗೇ ಬಂದ. ಜೊತೆಗೆ ಕೊನ್ಸುವೆಲೊ. ಅವಳು ಈಗ ಎರಡನೆಯ ಪಾಳಿಯ ಮೇಸ್ತ್ರಿ. ಯಾರು ಬೆಲ್ಟಿನ ಯಾವ ಜಾಗದಲ್ಲಿ ನಿಲ್ಲಬೇಕು ಎನ್ನುವುದು ಅವಳ ಬಾಯಲ್ಲಿ.

"ಬಸಾವಾ," ಎಂದಳು ಕೊನ್ಸುವೆಲೊ. ಹನ್ನೆರಡು ವರ್ಷವಾದರೂ ಅವಳ ನಾಲಿಗೆಗೆ ಹೆಸರು ಪೂರ್ತಿ ಹೊರಳುತ್ತಿರಲಿಲ್ಲ. "ಶನಿವಾರ ನಮ್ಮ ಪರವಾಗಿ ನೀನೇ ಮಾತಾಡಬೇಕು."

"ನಾನ್ಯಾಕೆ? ನಿನ್ನ ಬಾಯಿ ಏನು ಬ್ಯಾಂಕಿನಲ್ಲಿ ಇಟ್ಟಿದ್ದೀಯಾ?"

"ನಾನು ಮಾತಾಡಿದರೆ ಅಲ್ಲಿ ಎಲ್ಲರೂ ನಿದ್ದೆ ಮಾಡುತ್ತಾರೆ. ನೀನು ಮಾತಾಡಿದರೆ ಎಲ್ಲರೂ ಹೆದರುತ್ತಾರೆ."

ಡ್ವೇನ್ ನಕ್ಕು ಒಂದು ಹಾಳೆ ಕೊಟ್ಟ. ಎರಡು ನಿಮಿಷದ ಮಾತು, ಟೈಪು ಮಾಡಿದ್ದು. ನಿನ್ನ ಭಾಷೆಯಲ್ಲೇ ಹೇಳು, ಯಾರಾದರೂ ಇಂಗ್ಲಿಷಿಗೆ ತಿರುಗಿಸಲಿ, ಇನ್ನೂ ಚೆನ್ನಾಗಿರುತ್ತದೆ ಎಂದ. ಅವರು ಹೋದ ಮೇಲೆ ಗುರುಬಸವ್ವ ಗಂಡನಿಗೆ ಹೇಳಿದಳು:

"ನನ್ನ ಬಣ್ಣಾ ನೋಡಿ ಕರದಾರ್ರಿ. ಬಾಯಿ ನೋಡಿ ಅಲ್ಲ."

"ಬಾಯಿ ನೋಡಿದ್ದರ ಕರೀತಿದ್ದಿಲ್ಲ ಬಿಡು," ಎಂದ ಕುಬೇರಪ್ಪ.

ಹಾಳೆ ಓದಲು ಅದೇ ಕಟ್ಟಡದ ಮೇಲಿನ ಮನೆಯ ಮೈಥಿಲಿಯನ್ನು ಕರೆದರು. ಮೈಸೂರಿನ ಹುಡುಗಿ, ಮೂವತ್ತರ ಒಳಗಿನವಳು, ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟು. ಗುರುಬಸವ್ವನ ರೊಟ್ಟಿ, ಶೇಂಗಾ ಚಟ್ನಿಯ ಋಣ ಅವಳ ಮೇಲೆ ಬೇಕಾದಷ್ಟಿತ್ತು. ಶನಿವಾರ ಮಾತು ತಿರುಗಿಸಿ ಹೇಳಲು ಅವಳೇ ಒಪ್ಪಿದಳು. ಬರುವಾಗ ಆಫೀಸಿನಿಂದ ಕಾನೂನಿನ ಆ ಪುಟವನ್ನೂ ನಕಲು ತೆಗೆಸಿಕೊಂಡು ಬಂದಿದ್ದಳು.

"ಈ ಪೇಪರ್‌ನಲ್ಲಿ ಬರೆದಿರೋದು ಸಿಂಪಲ್ಲು ಆಂಟಿ," ಎಂದಳು ಮೈಥಿಲಿ. "ಆಫ್ರಿಕಾದ ಪೀಚ್ ಬಂದ್ರೆ ನಮ್ಮ ಜಾಬ್ ಹೋಗತ್ತೆ. ಅದಕ್ಕೇ ಸ್ಯಾಂಕ್ಷನ್ಸನ್ನ, ಅಂದ್ರೆ ಈ ನಿರ್ಬಂಧಗಳನ್ನ, ಯಾವತ್ತೂ ತೆಗೀಬೇಡಿ. ಅಷ್ಟೇ."

"ಯಾವತ್ತೂ ಅಂತ ಬರದಾರೇನು?"

"ಹೂಂ. ನೆವರ್ ಅಂತಾನೇ ಇದೆ."

"ಮತ್ತ ಕಾನೂನಿನ್ಯಾಗ ಏನೈತಿ?"

ಮೈಥಿಲಿ ಇನ್ನೊಂದು ಹಾಳೆ ಬಿಡಿಸಿದಳು. ಬೆರಳಿಟ್ಟು ಓದುತ್ತ ಬಿಡಿಸಿ ಹೇಳಿದಳು. ಕಾನೂನಿನಲ್ಲಿ ಐದು ಶರತ್ತು ಇವೆ. ಮೊದಲನೆಯದು, ಅಲ್ಲಿ ಜೈಲಿನಲ್ಲಿಟ್ಟಿರುವ ಮುಖಂಡರನ್ನು, ವಿಚಾರಣೆಯಿಲ್ಲದೆ ಹಿಡಿದವರನ್ನು ಬಿಡಬೇಕು. ತುರ್ತು ಪರಿಸ್ಥಿತಿ ತೆಗೆಯಬೇಕು. ಪಕ್ಷಗಳ ಮೇಲಿನ ನಿಷೇಧ ಹೋಗಬೇಕು. ಬಣ್ಣ ನೋಡಿ ಓಣಿ ಹಂಚುವ ಕಾನೂನು, ಹುಟ್ಟಿದ ಕೂಸಿಗೂ ಬಣ್ಣದ ಪಟ್ಟಿ ಹಚ್ಚುವ ಕಾನೂನು ರದ್ದಾಗಬೇಕು. ಕಪ್ಪು ಜನರ ಮುಖಂಡರ ಜೊತೆ ಕೂತು ಮಾತಾಡಬೇಕು. ಐದೂ ಆದರೆ ನಿರ್ಬಂಧದ ಕಟ್ಟು ತಾನೇ ಬಿಚ್ಚುತ್ತದೆ. ಮೊದಲನೆಯದರ ಜೊತೆಗೆ ಉಳಿದ ನಾಲ್ಕರಲ್ಲಿ ಮೂರು ಆದರೆ ಅಧ್ಯಕ್ಷರು ಸಡಿಲಿಸಬಹುದು. ಆದರೆ ಸುಮ್ಮನೆ ಅಲ್ಲ. ಇಂಥಿಂಥದು ಆಗಿದೆ ಎಂದು ಕಾಂಗ್ರೆಸ್ಸಿಗೆ ಬರೆದು ತಿಳಿಸಬೇಕು, ಆಮೇಲೆ ಮೂವತ್ತು ದಿನ ಕಾಯಬೇಕು. ಆ ಮೂವತ್ತು ದಿನದಲ್ಲಿ ಕಾಂಗ್ರೆಸ್ಸು ಬೇಡ ಎಂದು ಗೊತ್ತುವಳಿ ಮಾಡಿದರೆ ಸಡಿಲಿಕೆ ನಿಂತಿತು.

"ಬರೋಬ್ಬರಿ ಐತಲ್ಲ!" ಎಂದಳು ಗುರುಬಸವ್ವ.

"ತಾಳಿ ಆಂಟಿ, ಒಂದು ಕ್ಯಾಚ್ ಇದೆ. ಕಾಂಗ್ರೆಸ್ಸು ಬೇಡ ಅಂತ ಮಾಡಿದ ಗೊತ್ತುವಳೀನೂ ಪ್ರೆಸಿಡೆಂಟ್ ಸೈನ್ ಮಾಡ್ಬೇಕು. ಅವರು ಒಪ್ಪಲ್ಲ ಅಂತ ವಿಟೋ ಮಾಡಿದ್ರೆ ಮತ್ತೆ ಮೂರರಲ್ಲಿ ಎರಡು ಪಾಲು ಬೇಕಾಗತ್ತೆ."

"ಅಂದ್ರ ನಾಯಿಗೆ ಹಾಲಿನ ಕಾವಲು!"

"ಒಂಥರಾ ಹಾಗೇನೇ. ಶನಿವಾರ ಅದರ ಬಗ್ಗೆನೇ ಡಿಸ್ಕಷನ್ನು. ಆ ಕಾವಲು ಗಟ್ಟಿ ಮಾಡೋದು ಹೇಗೆ ಅಂತ."

ಗುರುಬಸವ್ವ ಡ್ವೇನ್ ಕೊಟ್ಟ ಹಾಳೆಯನ್ನು ಮೇಜಿನ ಆ ತುದಿಗೆ ಸರಿಸಿದಳು.

"ಇದನ್ನ ನಾ ಓದೂದಿಲ್ಲ."

ಕುಬೇರಪ್ಪ ಚಹಾದ ಕಪ್ಪು ಕೆಳಗಿಟ್ಟ. "ಓದಲಿಲ್ಲಂದ್ರ ಕೊನ್ಸುವೆಲೊ ಸುಮ್ಮನ ಬಿಡ್ತಾಳೇನು? ಎರಡನೇ ಪಾಳಿ ಮುಚ್ಚಿದ್ರ ಮೊದಲ ಹೋಗಾಕಿ ನೀನ. ಮನ್ಯಾಗ ಕುಂತ ಎರಡ ಬ್ಯಾಸಿಗಿ ನೆನಪೈತಿಲ್ಲೋ? ದಿನಾ ನನ್ನ ಮ್ಯಾಲ ಹರಿಹಾಯತಿದ್ದಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಬೆಲ್ಟಿನ ಜಾಗ ಅವಳಿಗೆ ಬರೀ ಕೂಲಿಯಾಗಿರಲಿಲ್ಲ. ಈ ಊರಿನಲ್ಲಿ ಅವಳನ್ನು ಯಾರಾದರೂ ಕಾಯುವ ಒಂದೇ ಒಂದು ಸ್ಥಳ ಅದು. ಅದು ಹೋದರೆ ಮತ್ತೆ ಗೋಡೆ. ಅವಳಿಗೂ ಗೊತ್ತಿತ್ತು. ಆದರೂ ಸುಮ್ಮನಾಗಲಿಲ್ಲ. ಮೈಥಿಲಿಯ ಕಡೆ ತಿರುಗಿ ತನ್ನ ಅಪ್ಪನ ಕತೆ ಹೇಳಿದಳು.

ಬೆಟಗೇರಿಯಲ್ಲಿ ಅವಳಿಗೆ ಎಂಟು ವರ್ಷವಾದಾಗ ಒಂದು ಮಳೆಗಾಲದಲ್ಲಿ ಹಳ್ಳ ಬಂದು ಚಮ್ಮಾರರ ಓಣಿಯೊಳಗೆ ನೀರು ನುಗ್ಗಿತು. ಅಪ್ಪ ಒಂದು ಕುಟುಂಬವನ್ನು ಕರೆದು ಮಗ್ಗದ ಕೋಣೆಯಲ್ಲಿ ಮಲಗಿಸಿದ. ಮಾರನೆಯ ವಾರ ದೈವ ಕೂಡಿತು. ದೈವ ಎಂದರೆ ದೇವರಲ್ಲ, ಓಣಿಯ ಹಿರಿಯರೆಲ್ಲ ಕೂಡುವ ಸಭೆ. ಸಭೆ ಅಪ್ಪನ ಮನೆಗೆ ಕಟ್ಟು ಹಾಕಿತು: ಬೆಂಕಿ ಕೊಡಬಾರದು, ಬಾವಿಗೆ ಸೇರಿಸಬಾರದು, ಅವನು ನೇಯ್ದದ್ದನ್ನು ಕೊಳ್ಳಬಾರದು. ಎಂಟು ತಿಂಗಳು ಕಳೆಯಿತು. ಓಣಿಯ ಹಿರಿಯ ಶೆಟ್ಟರ ಮಗಳ ಮದುವೆ ಬಂತು. ಸೆರಗಿಗೆ ಅಪ್ಪನ ಕೈ ಬೇಕಾಯಿತು, ಅಂಥ ಸೆರಗು ಬೇರೆ ಯಾರಿಗೂ ಬರುತ್ತಿರಲಿಲ್ಲ. ಶೆಟ್ಟರು ಒಂದು ಮುಂಜಾನೆ ತಮ್ಮ ಜಗಲಿಯ ಮೇಲೆ ಕೂತು, "ಕಟ್ಟು ಬಿಟ್ಟೇವಿ, ಹೋಗು, ಮಗ್ಗಾ ಹೂಡು" ಎಂದರು. ಅಪ್ಪ ಕುಣಿಯುತ್ತ ಬಂದ. ಅವ್ವ ಕೊಡ ಹೊತ್ತು ಬಾವಿಗೆ ಹೋದಳು. ಅರ್ಧ ಹೆಂಗಸರು ಜಾಗ ಬಿಟ್ಟರು, ಅರ್ಧ ಹೆಂಗಸರು ಹಗ್ಗ ಎಳೆದುಕೊಂಡರು. "ನಮಗ್ಯಾರು ಹೇಳ್ಯಾರ?" ಎಂದರು. ಆಮೇಲೆ ಎರಡು ವರ್ಷ ಹಾಗೇ. ಒಬ್ಬರು ಮಾತಾಡಿಸುವುದು, ಒಬ್ಬರು ಮುಖ ತಿರುವುವುದು. ಸೀರೆ ಮಾತ್ರ ಹೊತ್ತಿಗೆ ಸರಿಯಾಗಿ ಶೆಟ್ಟರ ಮನೆ ಸೇರಿತು.

"ಕಟ್ಟು ಇದ್ದರ ಇದ್ದದ್ದು ಗೊತ್ತಿರತೈತಿ," ಎಂದಳು ಗುರುಬಸವ್ವ. "ಇದು ಇದ್ದೂ ಇಲ್ಲ, ಹೋಗೂ ಹೋಗಿಲ್ಲ. ನಮ್ಮವ್ವ ಅದರಾಗ ಸೊರಗಿದಳು. ಕಡೀಕ ದೈವ ಕೂಡಿ, ಎಲ್ಲಾರೂ ಒಂದ ಕೊಡದ ನೀರು ಕುಡದ ಮ್ಯಾಲೆ ಬಿಚ್ಚಿತು."

"ಆದರ ಲೇ," ಎಂದ ಕುಬೇರಪ್ಪ, "ನಿಮ್ಮಪ್ಪ ಮಾಡಿದ್ದು ತಪ್ಪಲ್ಲ. ಅಲ್ಲಿ ಆಫ್ರಿಕಾದವರು ಮಾಡೂದು ತಪ್ಪು. ಎರಡಕ್ಕೂ ಒಂದ ತಕ್ಕಡಿ ಹ್ಯಾಂಗ ಹಿಡೀತಿ?"

ಕುಬೇರಪ್ಪ ಕಡಿಮೆ ಮಾತಿನವನು, ಆಡಿದರೆ ಮೊಳೆ ಹೊಡೆದ ಹಾಗೆ.

"ಅದಕ್ಕ ಹೇಳೂದ್ರಿ," ಎಂದಳು ಗುರುಬಸವ್ವ. "ದೈವದ ಮುಂದ ಬಿಚ್ಚಬೇಕಾದ್ರ, ಯಾಕ ಕಟ್ಟಿದ್ದಿವಿ, ಯಾಕ ಬಿಚ್ಚತೀವಿ ಅಂತ ಬಾಯಿ ಬಿಟ್ಟು ಹೇಳಬೇಕಾಗತೈತಿ. ಆಗ ನಮ್ಮಪ್ಪಂದು ತಪ್ಪಲ್ಲ ಅನ್ನೂದೂ ಹೊರಗ ಬರತೈತಿ, ಇವರದು ತಪ್ಪು ಅನ್ನೂದೂ ಬರತೈತಿ. ಜಗಲಿ ಮ್ಯಾಲ ಒಬ್ಬಾವ ಬಿಚ್ಚಿದ್ರ ಅವಗ ಸೀರಿ ಸಿಗತೈತಿ. ಅಷ್ಟ."

ಮೈಥಿಲಿ ಪೆನ್ನು ತೆಗೆದು ಅದನ್ನು ಬರೆದುಕೊಂಡಳು.

"ಏನ್ ಬರಕೊಳ್ಳತಿ?"

"ಶನಿವಾರಕ್ಕೆ ಇಂಗ್ಲಿಷ್ ಮಾಡ್ಬೇಕಲ್ಲ ಆಂಟಿ. ನಿಮ್ಮ ಶೆಟ್ಟರನ್ನ ಇಂಗ್ಲಿಷ್‌ನಲ್ಲಿ ಏನಂತ ಕರೀಲಿ?"

"ಶೆಟ್ಟರಂತನ ಕರಿ. ಅವರೂ ಒಂದ ಪದಾ ಕಲಿಯಲಿ."

ಶನಿವಾರ ಸಭಾಂಗಣ ತುಂಬಿತ್ತು. ಮುಂದೆ ಎತ್ತರದ ಮೇಜು, ಅದರ ಹಿಂದೆ ಬಿಳಿ ಕೂದಲಿನ ಕಾಂಗ್ರೆಸ್ ಸದಸ್ಯರು, ಅಕ್ಕಪಕ್ಕ ಕಡತ ಹಿಡಿದ ಇಬ್ಬರು. ಕೆಳಗೆ ಒಂದು ಮೈಕು, ಮೈಕಿನ ಪಕ್ಕ ಪುಟ್ಟ ದೀಪದ ಪೆಟ್ಟಿಗೆ. ಹಸಿರು ಹತ್ತಿದರೆ ಮಾತಾಡು, ಹಳದಿ ಹತ್ತಿದರೆ ಮುಗಿಸು, ಕೆಂಪು ಹತ್ತಿದರೆ ಬಾಯಿ ಮುಚ್ಚು. ಕಾನೂನು ಕಲಿಸುವ ಪ್ರೊಫೆಸರು ಮಾತಾಡಿದರು, ಚರ್ಚಿನವರು ಮಾತಾಡಿದರು, ಟೈ ಕಟ್ಟಿದ ವ್ಯಾಪಾರಿಯೊಬ್ಬ ಮಾತಾಡಿದ. ಹಿಂದಿನ ಮೂರು ಸಾಲು ಫ್ಯಾಕ್ಟರಿಯ ಹೆಂಗಸರು, ಮಧ್ಯದಲ್ಲಿ ಕೊನ್ಸುವೆಲೊ ಕೈ ಕಟ್ಟಿಕೊಂಡು ಕೂತಿದ್ದಳು.

ಹೆಸರು ಕೂಗಿದರು. ಗುರುಬಸವ್ವ ಇಳಕಲ್ ಸೀರೆಯ ಸೆರಗು ಹೊದ್ದು ಎದ್ದಳು. ಮೈಕಿನ ಹತ್ತಿರ ಹೋಗಿ, ಮಾತಾಡುವ ಮೊದಲು ಮಾಡಬೇಕಾದದ್ದನ್ನು ಮಾಡಿದಳು. ದೈವದ ಮುಂದೆ ನಿಂತವರು ಮೊದಲು ಕೂಡಿದ ಮಂದಿಗೆ ಕೈ ಮುಗಿದು ಅಪ್ಪಣೆ ಕೇಳಬೇಕು, ಹಿರಿಯನೊಬ್ಬನಿಗಲ್ಲ. ಅವಳು ಕಾಂಗ್ರೆಸ್ ಸದಸ್ಯರಿಗೆ ಬೆನ್ನು ಹಾಕಿ, ಸಭೆಯ ಕಡೆ ತಿರುಗಿ, ಎಡದಿಂದ ಬಲಕ್ಕೆ ಎಲ್ಲ ಸಾಲುಗಳಿಗೂ ಕೈ ಮುಗಿದಳು.

"ದೈವಕ್ಕ ಶರಣ್ರಿ. ನಾಕ ಮಾತು ಆಡಾಕ ಅಪ್ಪಣಿ ಕೊಡ್ರಿ."

ಮೈಥಿಲಿ ಇದನ್ನು ತಿರುಗಿಸಬೇಕೋ ಬಿಡಬೇಕೋ ತಿಳಿಯದೆ ನಿಂತಳು. ಹಸಿರು ದೀಪ ಉರಿಯುತ್ತಿತ್ತು. ಗುರುಬಸವ್ವ ಕಾಯುತ್ತಲೇ ಇದ್ದಳು, ಯಾರೂ ಅಪ್ಪಣೆ ಕೊಡುತ್ತಿರಲಿಲ್ಲ. ಕೊಡುವ ಪದ್ಧತಿ ಅವರಿಗೆ ಗೊತ್ತಿದ್ದರೆ ತಾನೇ?

"ಮೇಡಂ, ದಯವಿಟ್ಟು ಈ ಕಡೆ ತಿರುಗಿ ಮಾತಾಡಿ," ಎಂದರು ಸದಸ್ಯರು.

"ಆಂಟಿ, ಟೈಮ್ ಹೋಗ್ತಿದೆ!" ಎಂದು ಮೈಥಿಲಿ ಸೆರಗು ಎಳೆದಳು.

"ಮಂದಿ ಹೂಂ ಅನ್ನಲಿ ತಡಿ. ಹೂಂ ಅನ್ನದ ಸಭಾದಾಗ ಹ್ಯಾಂಗ ಮಾತಾಡೂದು?"

ಮೈಥಿಲಿ ಬೇರೆ ದಾರಿ ಕಾಣದೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಮೂರನೆಯ ಸಾಲಿನಿಂದ ಒಬ್ಬ ಮುದುಕ "ಹೂಂ" ಎಂದ. ನಗು ಎದ್ದಿತು. ಆಮೇಲೆ ಇಡೀ ಸಭೆ ಹೂಂ ಎಂದಿತು. ಗುರುಬಸವ್ವ ಸಮಾಧಾನವಾಗಿ ಮೇಜಿನ ಕಡೆ ತಿರುಗುವಷ್ಟರಲ್ಲಿ ಹಳದಿ ದೀಪ ಹತ್ತಿತ್ತು.

ಹಾಗಾಗಿ ಶೆಟ್ಟರ ಕತೆಗೆ ಜಾಗ ಉಳಿಯಲಿಲ್ಲ. ಅವಳು ಹೇಳಿದ್ದು ಇಷ್ಟೇ: ಕಾನೂನಿನಲ್ಲಿ ಬರೆದ ಮೂವತ್ತು ದಿನ ಒಳ್ಳೆಯದು, ಆದರೆ ಬರೀ ಮೂವತ್ತು ದಿನ ಕಾದರೆ ಸಾಲದು. ಅಧ್ಯಕ್ಷರು ಕೊಟ್ಟ ವರದಿಯನ್ನು ಎಲ್ಲರ ಮುಂದೆ ಓದಬೇಕು. ಯಾವ ಶರತ್ತು ತೀರಿದೆ, ಯಾವುದು ತೀರಿಲ್ಲ ಎಂದು ಬೆರಳು ಮಡಚಿ ಹೇಳಬೇಕು. ನೂರಾರು ಮಂದಿ ಕೂಡಿ ಕಟ್ಟಿದ್ದನ್ನು ಒಬ್ಬರು ಬಿಚ್ಚಿ, ಅದಕ್ಕೂ ಅವರದೇ ರುಜು ಬೇಕು ಎಂದರೆ ಅದು ಕಾವಲಲ್ಲ. ಆ ತೂತು ಮುಚ್ಚಿರಿ.

ಕೆಂಪು ದೀಪ ಹತ್ತಿತು. ಅವಳು ಹೊರಡುವವಳಿದ್ದಳು. ಸದಸ್ಯರು ಕನ್ನಡಕ ಏರಿಸಿ, ಒಂದು ಪ್ರಶ್ನೆ ಎಂದರು.

"ನೀವು ಪೀಚ್ ಫ್ಯಾಕ್ಟರಿಯವರು. ನಾಳೆ ಆ ಶರತ್ತುಗಳೆಲ್ಲ ನಿಜವಾಗಿ ಪೂರೈಸಿದವು ಎಂದುಕೊಳ್ಳಿ. ಅಧ್ಯಕ್ಷರು ವರದಿ ಕೊಟ್ಟರು, ಎಲ್ಲರ ಮುಂದೆ ಓದಿಯೂ ಆಯಿತು. ಆಗ ಅವರ ಹಣ್ಣು ಬರಲಿ ಎನ್ನುತ್ತೀರಾ, ಬೇಡ ಎನ್ನುತ್ತೀರಾ?"

ಮೈಥಿಲಿ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಗುರುಬಸವ್ವನಿಗೆ ಪ್ರಶ್ನೆ ತಿಳಿದಿತ್ತು. ಅವಳು ಹಿಂದೆ ತಿರುಗಿ ಒಮ್ಮೆ ಕೊನ್ಸುವೆಲೊಳನ್ನು ನೋಡಿದಳು. ಕೊನ್ಸುವೆಲೊ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಎನ್ನು, ಬೇಡ ಎನ್ನು ಎಂದು. ಬೆಲ್ಟಿನ ಜಾಗ ಆ ಅಲ್ಲಾಡುವ ತಲೆಯಲ್ಲೇ ಇತ್ತು.

"ಸುಳ್ಳು ಹೇಳೂದಿಲ್ರಿ," ಎಂದಳು. "ನನ್ನ ಹೊಟ್ಟಿ ಬ್ಯಾಡ ಅಂತೈತಿ. ಆದರ ಅವರು ಜೈಲಿನ ಬಾಗಲಾ ತಗದು, ಬಣ್ಣದ ಕಾನೂನು ಹರದು ಒಗದ ಮ್ಯಾಲೂ ನಾವು ಕಟ್ಟು ಬಿಚ್ಚಲಿಲ್ಲಂದ್ರ, ನಾವು ಕಟ್ಟಿದ್ದು ನ್ಯಾಯಕ್ಕಲ್ಲ, ಪೀಚಿಗೆ ಅಂದಂಗಾತು. ಬರಲಿ ಅವರ ಹಣ್ಣು. ನಾವು ನಮ್ಮ ಕೂಲಿ ಸಲುವಾಗಿ ಬ್ಯಾರೆ ಜಗಳಾ ತಗೀತೀವಿ. ಜಗಳಾ ತಗಿಯಾಕ ನಮಗ ಬರತೈತಿ."

ಮೈಥಿಲಿ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಮುಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. ಹಿಂದಿನ ಮೂರು ಸಾಲು ತಟ್ಟಲಿಲ್ಲ.

ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಕೊನ್ಸುವೆಲೊ ಅಡ್ಡಗಟ್ಟಿ ನಿಂತಳು.

"ಎರಡು ನಿಮಿಷದಲ್ಲಿ ನಮ್ಮ ಪಾಳಿ ದಾನ ಮಾಡಿಬಿಟ್ಟೆ! ನಿನ್ನ ಅಪ್ಪನ ಆಸ್ತಿಯಾ ಅದು?"

"ಯಾರಿಗೂ ಏನೂ ಕೊಟ್ಟಿಲ್ಲ ನಾನು. ಐದು ಶರತ್ತಿನಲ್ಲಿ ಒಂದಾದರೂ ಆಗಿದೆಯಾ, ಹೇಳು!"

"ನನಗೇನು ಗೊತ್ತು ಯಾವ ಶರತ್ತು?"

"ಗೊತ್ತಿಲ್ಲವಲ್ಲ! ಅದೇ ನಿನ್ನ ರೋಗ. ನೋಡದೆ ಹೆದರುತ್ತೀ, ನೋಡದೆ ಬೈಯುತ್ತೀ. ನಾಳೆ ಅವರು ಒಂದೂ ತೀರದೆ ಬಿಚ್ಚಿದರೂ ನಿನಗೆ ಗೊತ್ತಾಗುವುದಿಲ್ಲ. ಡಬ್ಬಿ ಬಂದು ಅಂಗಡಿಯಲ್ಲಿ ಕೂತ ಮೇಲೆ ಗೊತ್ತಾಗುತ್ತದೆ."

"ಜುಲೈನಲ್ಲಿ ನೋಡೋಣ ನೀನು ಎಲ್ಲಿ ನಿಲ್ಲುತ್ತೀ," ಎಂದು ಕೊನ್ಸುವೆಲೊ ಕಾರಿನ ಬಾಗಿಲು ಬಡಿದು ಹೋದಳು.

ಸಭೆ ನೋಡಿ ಬಂದ ಕುಬೇರಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. "ನಿನ್ನ ಬಾಯಿಗೂ ಒಂದ ಕಾನೂನು ಬೇಕ ನೋಡು," ಎಂದ. "ಮಾತಾಡೂಕಿಂತ ಮೂವತ್ತು ದಿನಾ ಮೊದಲು ನನಗ ವರದಿ ಕೊಡಬೇಕು." ಆದರೆ ಹೇಳುವಾಗ ಅವನ ಮುಖದಲ್ಲಿ ಕೋಪವಿರಲಿಲ್ಲ. ಫ್ರೀವೇ ಸೇರುವ ತನಕ ಅವನು ಎರಡು ಸಲ ತನ್ನಷ್ಟಕ್ಕೇ ನಕ್ಕ. ಮಂದಿಯಿಂದ ಹೂಂ ಅನ್ನಿಸಿಕೊಂಡಳಲ್ಲ ಎಂದು.

ಮನೆಗೆ ಬಂದವಳೇ ಗುರುಬಸವ್ವ ಮೈಥಿಲಿಯ ಬೆನ್ನು ಹತ್ತಿದಳು. ಅಧ್ಯಕ್ಷರು ವರ್ಷಕ್ಕೊಮ್ಮೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು ಎಂದು ಕಾನೂನಿನಲ್ಲೇ ಇತ್ತು, ಹೋದ ವರ್ಷದ್ದು ಕೊಟ್ಟೂ ಆಗಿತ್ತು. ಅದನ್ನು ತರಿಸು. ಮೈಥಿಲಿ ಸದಸ್ಯರ ಆಫೀಸಿಗೆ ಫೋನು ಮಾಡಿದಳು, ಕಾಗದ ಬರೆದಳು, ಮತ್ತೆ ಫೋನು ಮಾಡಿದಳು. ಅಲ್ಲಿಯ ಗುಮಾಸ್ತೆಗೆ ಅವಳ ದನಿ ಕೇಳಿದರೇ, "ಓ, ಹೂಂ ಅನ್ನಿಸಿದ ಲೇಡಿಯ ಕಡೆಯವರಾ?" ಎನ್ನುವಷ್ಟು ಗುರುತಾಯಿತು. ಜೂನ್ ಕೊನೆಗೆ ದಪ್ಪ ಲಕೋಟೆ ಬಂತು.

ಜುಲೈ ಎರಡನೆಯ ವಾರ ಎರಡನೆಯ ಪಾಳಿ ಶುರುವಾಯಿತು. ಸೇವೆಯ ಹಿರಿತನದ ಲೆಕ್ಕದಲ್ಲಿ ಗುರುಬಸವ್ವನ ಹೆಸರು ಪಟ್ಟಿಯಲ್ಲಿ ಇರಲೇಬೇಕು, ಇತ್ತು. ಆದರೆ ಜಾಗ ಕೊನ್ಸುವೆಲೊಳ ಬಾಯಲ್ಲಿ. ಅವಳು ಗುರುಬಸವ್ವನನ್ನು ಬೆಲ್ಟಿನಿಂದ ತೆಗೆದು ಹೊರಗಡೆ, ಕೊಳೆತ ಹಣ್ಣು ಬೀಳುವ ತೊಟ್ಟಿಯ ಹತ್ತಿರ ನಿಲ್ಲಿಸಿದಳು. ನೊಣ, ಹುಳಿ ವಾಸನೆ, ಮುಖದ ಮೇಲೆ ಇಳಿಬಿಸಿಲು. ಒಂದು ಸಂಜೆ, ಊಟದ ಬಿಡುವಿನಲ್ಲಿ ಗುರುಬಸವ್ವ ಲಕೋಟೆ ಹಿಡಿದು ಊಟದ ಕೋಣೆಗೆ ಹೋಗಿ ಮೇಜಿನ ಮೇಲೆ ಹಾಕಿದಳು.

"ಇದು ಅಧ್ಯಕ್ಷರ ವರದಿ. ಕಾಂಗ್ರೆಸ್ಸಿಗೆ ಕೊಟ್ಟದ್ದು. ಅವರು ಓದಿದರೋ ಬಿಟ್ಟರೋ, ನಾವು ಓದೋಣ."

ಪೋರ್ಚುಗೀಸ್ ಹೆಂಗಸೊಬ್ಬಳ ಮಗಳು ಹೈಸ್ಕೂಲು ಮುಗಿಸಿ ಆ ಬೇಸಿಗೆಗೆ ಕೆಲಸಕ್ಕೆ ಸೇರಿದ್ದಳು. ಅವಳು ಇಂಗ್ಲಿಷಿನಲ್ಲಿ ಓದಲು ಶುರು ಮಾಡಿದಳು. ಮೊದಲ ದಿನ ಹತ್ತು ಜನ ಕೇಳಿದರು, ಉಳಿದವರು ತಮ್ಮ ಡಬ್ಬಿ ಬಿಚ್ಚಿ ತಿಂದರು. ಎರಡನೆಯ ದಿನ ಇಪ್ಪತ್ತು. ವರದಿಯ ಭಾಷೆ ಕಬ್ಬಿಣದ ಕಡಲೆ. ಹುಡುಗಿ ತಡವರಿಸುತ್ತಿದ್ದಳು, ಸ್ಪ್ಯಾನಿಶಿನವರಿಗೆ ಅರ್ಧವೂ ತಲೆಗೆ ಹೋಗುತ್ತಿರಲಿಲ್ಲ. ಆದರೂ ಒಂದೊಂದು ಶರತ್ತಿನ ಹೆಸರು ಬಂದಾಗ ಗುರುಬಸವ್ವ ಬೆರಳು ಮಡಚಿ ಎತ್ತಿ ಹಿಡಿಯುತ್ತಿದ್ದಳು. ಇದು ಒಂದು, ಆಗಿಲ್ಲ. ಇದು ಎರಡು, ಆಗಿಲ್ಲ. ನಿರ್ಬಂಧದಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲ ಎಂದು ವರದಿಯೇ ಒಪ್ಪಿಕೊಂಡಿತ್ತು. ಬದಲಾವಣೆ ಆಗದಿದ್ದರೆ ಸಡಿಲಿಸುವುದು ಯಾವ ಬಾಯಿಂದ ಎಂದು ಮೂಲೆಯಲ್ಲಿದ್ದ ಒಬ್ಬಳು ಕೇಳಿದಳು. ಹಾಗಾದರೆ ಈ ಕಟ್ಟಿನಿಂದ ಏನುಪಯೋಗ ಎಂದು ಇನ್ನೊಬ್ಬಳು. ಜಗಳ ಹತ್ತಿಕೊಂಡಿತು. ಗುರುಬಸವ್ವನಿಗೆ ಖುಷಿಯೋ ಖುಷಿ.

ನಾಲ್ಕನೆಯ ದಿನ ಕೊನ್ಸುವೆಲೊ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಹುಡುಗಿ ಒಂದು ಉದ್ದನೆಯ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಳು. ಮೂರು ಸಲ ಓದಿದರೂ ಬಾಲ ಎಲ್ಲಿ, ತಲೆ ಎಲ್ಲಿ ಗೊತ್ತಾಗಲಿಲ್ಲ. ಕೊನ್ಸುವೆಲೊಗೆ ತಡೆಯಲಿಲ್ಲ. ದಡದಡ ನಡೆದು ಬಂದು ಅವಳ ಕೈಯಿಂದ ಹಾಳೆ ಕಿತ್ತುಕೊಂಡಳು. ಒಮ್ಮೆ ಮನಸ್ಸಿನಲ್ಲೇ ಓದಿದಳು, ಆಮೇಲೆ ಗಟ್ಟಿಯಾಗಿ, ಸ್ಪ್ಯಾನಿಶಿನಲ್ಲಿ, ಮಾರ್ಕೆಟ್ಟಿನಲ್ಲಿ ಕೂಗುವ ಹಾಗೆ ಹೇಳಿದಳು. ಒಂದು ಪುಟ ಮುಗಿಸಿ ತಲೆ ಎತ್ತಿ ಗುರುಬಸವ್ವನನ್ನು ನೋಡಿದಳು.

"ಜೈಲಿನವರನ್ನು ಬಿಟ್ಟಿಲ್ಲ ಅಂತಾಯಿತು. ಇದು ಎಷ್ಟನೆಯದು?"

"ಮೊದಲನೆಯದು. ಅದಿಲ್ಲದೆ ಉಳಿದದ್ದಕ್ಕೆ ಬೆಲೆಯಿಲ್ಲ."

"ನೀನು ಆವತ್ತು ಹೇಳಿದ್ದು ತಪ್ಪು ಅಂತಲೇ ನಾನು ಹೇಳುತ್ತೇನೆ."

"ಹೇಳು. ಯಾರು ಬೇಡ ಅಂದರು?"

"ಎಲ್ಲ ತ್ಯಾಗ ಬಡವರೇ ಯಾಕೆ ಮಾಡಬೇಕು, ಬಸಾವಾ? ಆ ಪ್ರಶ್ನೆ ಅವರನ್ನು ಕೇಳಲೇ ಇಲ್ಲ ನೀನು."

"ಕೇಳಬೇಕಿತ್ತು," ಎಂದಳು ಗುರುಬಸವ್ವ. "ಆ ದೀಪ ಬಿಡಲಿಲ್ಲ. ಮುಂದಿನ ಸಲ ನೀನು ಕೇಳು, ನಾನು ಸಭೆಯಿಂದ ಹೂಂ ಅನ್ನಿಸುತ್ತೇನೆ."

ಬಿಡುವು ಮುಗಿದ ಸಿಳ್ಳೆ ಕೂಗಿತು. ಯಾರೂ ಏಳಲಿಲ್ಲ. ಕೊನ್ಸುವೆಲೊ ಗೋಡೆಯ ಗಡಿಯಾರ ನೋಡಿದಳು. ಹೆಂಗಸರನ್ನು ಬೆಲ್ಟಿಗೆ ಅಟ್ಟಬೇಕಾದವಳೇ ಅವಳು.

"ಏನು ನೋಡುತ್ತೀರಿ? ನಡೆಯಿರಿ!" ಎಂದು ಗದರಿದಳು. ಬಾಗಿಲ ತನಕ ಹೋದವಳು ತಿರುಗಿ, ತೊಟ್ಟಿಯ ಕಡೆ ಹೊರಟಿದ್ದ ಗುರುಬಸವ್ವನಿಗೆ ಕೈ ಮಾಡಿದಳು. "ನೀನೆಲ್ಲಿಗೆ? ಬೆಲ್ಟಿಗೆ ಬಾ, ನನ್ನ ಪಕ್ಕಕ್ಕೆ. ಎರಡನೆಯ ಶರತ್ತು ನನಗೆ ಸರಿಯಾಗಿ ತಿಳಿದಿಲ್ಲ. ಕೆಲಸ ಮಾಡುತ್ತ ಹೇಳು."

ಬೆಲ್ಟಿನ ಸದ್ದಿನಲ್ಲಿ ಕೂಗಿಯೇ ಹೇಳಬೇಕು. ಗುರುಬಸವ್ವ ಗ್ಲೌಸು ಏರಿಸಿಕೊಂಡು ಕೂಗಲು ಶುರು ಮಾಡಿದಳು.